ಪಲ್ಪರ್ ಮನೆಯ ಶ್ರುತಿ

ನನ್ನ ಸಂಗೀತದ ಗುರುಗಳು ನನ್ನ ಮಗಳಿಗಿಂತ ಚಿಕ್ಕವರು. ಇದನ್ನು ಹೇಳಿಕೊಳ್ಳುವುದಕ್ಕೆ ಮೊದಮೊದಲು ಸಂಕೋಚವಾಗುತ್ತಿತ್ತು. ಈಗ ಹೊಸಬರು ಯಾರಾದರೂ ಸಿಕ್ಕರೆ ಅವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಗುರುಗಳು ನನ್ನನ್ನು ‘ಆಂಟಿ’ ಎನ್ನುತ್ತಾರೆ, ನಾನು ಅವರನ್ನು ‘ಟೀಚರ್’ ಎನ್ನುತ್ತೇನೆ. ತಾಳ ತಪ್ಪಿದರೆ, ಆಂಟಿಯ ಕೈ ನಿದ್ದೆ ಮಾಡುತ್ತಿದೆ ಎಂದು ಅವರು ಮೆಲ್ಲಗೆ ಗದರುತ್ತಾರೆ. ಪಕ್ಕದಲ್ಲಿ ಕೂತ ನಾಲ್ಕನೇ ಕ್ಲಾಸಿನ ನನ್ನ ಸಹಪಾಠಿಗಳು ಕಿಸಕ್ಕನೆ ನಗುತ್ತಾರೆ. ಪಾಠ ಮುಗಿದ ಮೇಲೆ ಆ ಮಕ್ಕಳು ಪುರ್ರನೆ ಎದ್ದು ಹೋಗುತ್ತವೆ. ನನಗೆ ಏಳುವುದಕ್ಕೆ ಗೋಡೆಯ ಆಸರೆ ಬೇಕು.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಬಣಕಲ್ಲಿನಿಂದ ಮೂಡಿಗೆರೆಗೆ ಪಾಠಕ್ಕೆ ಹೋಗುವಾಗ ಬಸ್ಸಿನ ಕಂಡಕ್ಟರೂ ಕೇಳಿದ್ದಾನೆ. ಕಾರಣ ಹಳೆಯದು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮೇಷ್ಟ್ರೊಬ್ಬರು, ನೀನು ಬಾಯಿ ಮಾತ್ರ ಆಡಿಸು, ದನಿ ಬೇಡ ಎಂದಿದ್ದರು. ಒಳ್ಳೆಯ ಮನುಷ್ಯ, ಪ್ರಾರ್ಥನೆ ಕೆಡಬಾರದೆಂಬ ಕಾಳಜಿ ಅಷ್ಟೇ. ನಾನೋ ಮಹಾ ವಿಧೇಯೆ. ಅಂದಿನಿಂದ ಆರತಿ ಹಾಡಿನಲ್ಲಿ, ಭಜನೆಯಲ್ಲಿ, ಕಡೆಗೆ ರಾಷ್ಟ್ರಗೀತೆಯಲ್ಲೂ ಬಾಯಿ ಮಾತ್ರ ಆಡಿಸುತ್ತಾ ಬಂದೆ. ಮಗಳನ್ನು ಮಲಗಿಸಿದ್ದೂ ಜೋಗುಳವಿಲ್ಲದೆ, ಬರೀ ಬೆನ್ನು ತಟ್ಟಿ. ಟೀಚರ್ ಮನೆಯಲ್ಲಿ ಶಿವರಾತ್ರಿಯ ದಿನ ಶಿಷ್ಯರು ಒಬ್ಬೊಬ್ಬರಾಗಿ ಹಾಡುವ ಪದ್ಧತಿಯಿದೆ. ಆ ದಿನ ಒಂದೇ ಒಂದು ದೇವರನಾಮವನ್ನು, ಒಬ್ಬಳೇ ಕೂತು, ದನಿ ತೆಗೆದು ಹಾಡಬೇಕು. ನನ್ನ ಆಸೆ ಅಷ್ಟೇ. ಶ್ರುತಿ ನಿಂತರೆ ಹೆಸರು ಸೇರಿಸುತ್ತೇನೆ ಎಂದು ಟೀಚರ್ ಹೇಳಿದ್ದರು.

ಆದರೆ ಪಾಠಕ್ಕಿಂತ ಅಭ್ಯಾಸ ಕಷ್ಟ. ಮನೆಯೊಳಗೆ ಹಾಡಿದರೆ ಅತ್ತೆಯವರು ಟೀವಿ ಸಣ್ಣ ಮಾಡಿ ಕಿವಿ ಕೊಡುತ್ತಾರೆ, ಅವರ ಮರ್ಯಾದೆಗೇ ನಾನು ಮತ್ತೆ ಬಾಯಿ ಮಾತ್ರ ಆಡಿಸುತ್ತೇನೆ. ತೋಟದೊಳಗೆ ಹೋಗೋಣವೆಂದರೆ ಆನೆಯ ಭಯ. ಕೊನೆಗೆ ಸಿಕ್ಕಿದ್ದು ಪಲ್ಪರ್ ಮನೆಯ ಪಕ್ಕದ ಕಟ್ಟೆ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆಯಾದರೆ ಆಳುಗಳು ಕೊಯ್ದು ತಂದ ಕಾಫಿ ಹಣ್ಣನ್ನು ನಮ್ಮ ಯಜಮಾನರು ಅಲ್ಲಿ ಪಲ್ಪರಿಗೆ ಸುರಿಸಿ ಸಿಪ್ಪೆ ಬಿಡಿಸುತ್ತಾರೆ. ಅದನ್ನು ತಿರುಗಿಸುವುದು ಮಾವನವರ ಕಾಲದ ಡೀಸೆಲ್ ಎಂಜಿನ್. ಅದರ ಗದ್ದಲದಲ್ಲಿ ನಾನು ಗಂಟಲು ಹರಿದುಕೊಂಡರೂ ಯಾರಿಗೂ ಕೇಳದು. ಮೇಲಾಗಿ, ಒಂದೇ ಸಮನೆ ಗುಂಯ್‌ಗುಡುವ ಅದರ ದನಿ ನನ್ನ ಷಡ್ಜಕ್ಕೆ ಸರಿಯಾಗಿ ಹೊಂದುತ್ತದೆ ಎಂದು ಕಂಡುಕೊಂಡ ದಿನ ನನಗಾದ ಸಂತೋಷ ಹೇಳತೀರದು. ದೇವರಮನೆ ಗುಡ್ಡದ ಕಡೆಯಿಂದ ಮಂಜು ಇಳಿಯುತ್ತಿರುತ್ತದೆ. ಸಿಪ್ಪೆಯ ರಾಶಿಯಿಂದ ಸಿಹಿಯೋ ಹುಳಿಯೋ ಗೊತ್ತಾಗದ ಒಂದು ವಾಸನೆ ಏಳುತ್ತದೆ. ಕಣ್ಣು ಮುಚ್ಚಿ ‘ಸಾ’ ಹಿಡಿದರೆ ಕೂತ ಕಟ್ಟೆಯೇ ಮೆಲ್ಲಗೆ ತೇಲಿದಂತಾಗಿ, ಒಲೆಯ ಮೇಲೆ ಇಟ್ಟು ಬಂದ ಹಾಲು ನೆನಪಾಗುವವರೆಗೆ ನಾನು ಈ ಲೋಕದಲ್ಲಿ ಇರುವುದಿಲ್ಲ.

ಶಾಸ್ತ್ರದ ಪ್ರಕಾರ ಸ್ವರಗಳು ಹುಟ್ಟಿದ್ದು ಪ್ರಾಣಿಪಕ್ಷಿಗಳಿಂದ. ನವಿಲಿನಿಂದ ಷಡ್ಜ, ಕೋಗಿಲೆಯಿಂದ ಪಂಚಮ, ಆನೆಯಿಂದ ನಿಷಾದ. ಹಿರಿಯರು ಹೇಳಿದ್ದರಲ್ಲಿ ಸುಳ್ಳಿರಲಾರದು. ಆದರೆ ನಮ್ಮ ಕಡೆ ಆನೆ ಘೀಳಿಟ್ಟಾಗ ಅದು ಯಾವ ನಿಷಾದವೆಂದು ನಿಂತು ಕೇಳಿದವರನ್ನು ನಾನು ಕಂಡಿಲ್ಲ. ನವಿಲಿಗೆ ಷಡ್ಜ ಕೊಡಬಹುದಾದರೆ ಎಂಜಿನ್ನಿಗೇಕೆ ಕೊಡಬಾರದು ಎಂದು ನನ್ನ ವಾದ.

ಟೀಚರ್ ಮಾತ್ರ ಗೊಂದಲಕ್ಕೆ ಬಿದ್ದರು. ನಾನು ಪಲ್ಲವಿಯನ್ನು ಸರಿಯಾಗಿಯೇ ಎತ್ತಿಕೊಳ್ಳುತ್ತೇನೆ. ನಡುವೆ ದನಿ ಮೆಲ್ಲನೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಮೇಲೆ ಬಂದು ಶ್ರುತಿ ಸೇರುತ್ತದೆ. ಇಳಿದವರು ಇಳಿದೇ ಹೋಗುವುದನ್ನು ಅವರು ನೋಡಿದ್ದರು, ಹೀಗೆ ಹೋಗಿ ವಾಪಸು ಬರುವವರನ್ನು ನೋಡಿರಲಿಲ್ಲ. ಎಲ್ಲಿ ಅಭ್ಯಾಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಆ ಶನಿವಾರ ಸಂಜೆ ಸ್ಕೂಟರ್ ಹತ್ತಿ ತೋಟಕ್ಕೇ ಬಂದುಬಿಟ್ಟರು.

ಕಟ್ಟೆಯ ಮೇಲೆ ನನಗೆ ಒತ್ತಿಕೊಂಡು ಕೂತು, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಹಾಡಿಸಿದರು. ಆಳೊಬ್ಬ ಹಣ್ಣಿನ ಮೂಟೆ ಸುರಿದ. ಭಾರ ಬಿದ್ದ ಎಂಜಿನ್ ನರಳಿ ದನಿ ತಗ್ಗಿಸಿತು. ನಾನೂ ತಗ್ಗಿದೆ. ಹಣ್ಣು ಕರಗುತ್ತಾ ಬಂದಂತೆ ಅದು ಹಗುರಾಗಿ ಮೇಲೇರಿತು. ನಾನೂ ಏರಿದೆ. ಟೀಚರ್ ದುಪಟ್ಟಾವನ್ನು ಬಾಯಿಗೊತ್ತಿಕೊಂಡು ನಕ್ಕರು. ದೇವರನಾಮದ ಜೊತೆ ನಾನು ಮೂಟೆಯನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಆಮೇಲೆ ಅವರು ನೇರ ಯಜಮಾನರ ಬಳಿ ಹೋಗಿ, ಒಂದು ಗಳಿಗೆ ಎಂಜಿನ್ ನಿಲ್ಲಿಸಲು ಕೇಳಿದರು. ಇವರು ನನ್ನ ಮುಖ ನೋಡಿ ನಿಲ್ಲಿಸಿದರು.

ಕೊಯ್ಲಿನ ಕಾಲದ ಸಂಜೆಯಲ್ಲಿ ಅಂಥ ಮೌನವನ್ನು ನಾನು ಕೇಳಿಯೇ ಇರಲಿಲ್ಲ. ಕಾಲುವೆಯ ನೀರು ಕೇಳಿಸಿತು. ಆಳುಗಳು ಕೈಕಟ್ಟಿ ನಿಂತರು. ಟೀಚರ್ ಮೊಬೈಲಿನಲ್ಲಿ ತಂಬೂರಿ ಹಚ್ಚಿ, ಹಾಡಿ ಎಂದರು. ನನ್ನ ತುಟಿ ಆಡಿತು, ದನಿ ಹೊರಡಲಿಲ್ಲ. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

‘ಅಷ್ಟು ದೊಡ್ಡ ಎಂಜಿನ್ ಎದ್ರು ಹಾಡಿದವ್ರು ನೀವು. ನಿಮ್ಮ ದನಿ ಹೇಗಿದೆ ಅಂತ ನೀವೇ ಇನ್ನೂ ಕೇಳಿಲ್ಲ ಆಂಟಿ,’ ಎಂದರು ಟೀಚರ್.

‘ಸಾ’ ಹಿಡಿದೆ. ನಡುಗಿತು, ಆಮೇಲೆ ನಿಂತಿತು. ಸ್ವಲ್ಪ ದಪ್ಪ, ಸ್ವಲ್ಪ ಒಡಕು. ಅಮ್ಮ ಸಂಜೆ ಕರುವನ್ನು ಕರೆಯುತ್ತಿದ್ದ ದನಿಯ ಹಾಗಿತ್ತು. ಮೇಷ್ಟ್ರು ಹೆದರಿದಷ್ಟು ಕೆಟ್ಟದಾಗಿರಲಿಲ್ಲ, ನಾನು ಕನಸು ಕಂಡಷ್ಟು ಚೆನ್ನಾಗಿಯೂ ಇರಲಿಲ್ಲ. ಆದರೂ ಕಣ್ಣು ತುಂಬಿಕೊಂಡಿತು. ಪಲ್ಲವಿ ಎಲ್ಲೂ ಇಳಿಯದೆ ಮುಗಿಯಿತು. ಶಿವರಾತ್ರಿಗೆ ನಿಮ್ಮ ಹೆಸರು ಸೇರಿತು ಎಂದರು ಟೀಚರ್.

ನಾನು ಅಲ್ಲಿಗೇ ನಿಲ್ಲಿಸಿದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಹುಳಿ ಹಿಡಿದು ಕಾಫಿಯ ರುಚಿ ಕೆಡುತ್ತದೆ ಎಂಬುದು ಯಜಮಾನರ ವೇದವಾಕ್ಯ. ಹಣ್ಣು ಯಾರಿಗೂ ಕಾಯುವುದಿಲ್ಲ ಎಂದು ನೆಂಟರ ಮನೆಯ ಊಟ ಬಿಟ್ಟು ಎದ್ದು ಬಂದವರು. ನಮ್ಮದೇ ಬೀಗರೂಟದ ದಿನ ಅರ್ಧದಲ್ಲಿ ಮಾಯವಾದವರು. ಇನ್ನು ಎಂಜಿನ್ ಹಾಕಿಕೊಳ್ಳಿ ಎಂದು ನಾನೇ ಹೇಳಿದೆ. ಇವರು ಹಣ್ಣಿನ ರಾಶಿಯನ್ನು ಒಮ್ಮೆ ನೋಡಿದರು. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಒಂದು ಮೂಟೆಯ ಮೇಲೆ ಕೂತರು.

‘ಹಣ್ಣು ಕಾಯ್ತದೆ. ನೀನು ಹಾಡು ಮಾರಾಯ್ತಿ.’

ಆ ಮಾತು ಇವರ ಬಾಯಿಂದಲೇ ಬಂತೇ ಎಂದು ಆಳುಗಳು ಮುಖ ಮುಖ ನೋಡಿಕೊಂಡರು. ಶಿವರಾತ್ರಿಯ ದಿನ ನನಗೆ ಚಪ್ಪಾಳೆ ಸಿಕ್ಕಿತು, ಒಂದೆರಡು ಒಳ್ಳೆಯ ಮಾತೂ ಸಿಕ್ಕಿತು. ಇದರ ಮುಂದೆ ಅವೆಲ್ಲ ಸಪ್ಪೆ. ಸಂಗೀತ ಕಲಿತು ಈ ವಯಸ್ಸಿನಲ್ಲಿ ಏನು ಸಿಗುತ್ತದೆ ಎಂದು ಕೇಳುವವರಿಗೆ ನಾನೀಗ ಈ ಸಂಜೆಯನ್ನಷ್ಟೇ ಹೇಳುತ್ತೇನೆ.