ಗೋಡೆಯ ಮೇಲಿನ ಕಾಲುವೆ

ಅಂದು ಬೆಳಿಗ್ಗೆಯೂ ನಾನು ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ಭೀಮರಾಯನಗುಡಿಯ ನಮ್ಮ ಕ್ವಾರ್ಟರ್ಸಿಗೆ ಅಕ್ಕ ಹಿಂದಿನ ದಿನವಷ್ಟೇ ಬಂದಿದ್ದಳು. ಮೊದಲು ಇಲ್ಲಿಯೇ ಕಾಲುವೆಯ ಇಂಜಿನಿಯರ್ ಆಗಿದ್ದವಳು, ಆಮೇಲೆ ಕಂಪ್ಯೂಟರ್ ಕಲಿತು, ಈಗ ಅದರಲ್ಲೇ ಚಲಿಸುವ ಚಿತ್ರ ಮಾಡುವ ಕಲಾವಿದೆ. ಕಾಲುವೆಯ ನೀರಿನ ಮಟ್ಟವನ್ನು ದಿನಾ ಬೆಳಿಗ್ಗೆ ಬರೆದಿಡುವುದು ಇಲ್ಲಿಯ ರೂಢಿ. ಆ ಹಳೆಯ ಅಂಕಿಗಳಿಂದಲೇ ಅವಳು ಒಂದು ನೀಲಿ ಪಟ್ಟಿ ಏರಿಳಿಯುವಂತೆ ಮಾಡಿದ್ದಳು. ಸಂಜೆ ಅದನ್ನು ನಮ್ಮ ಹಿತ್ತಲ ಗೋಡೆಯ ಮೇಲೆ ತೋರಿಸುವುದಿತ್ತು.

"ಹೊರಗಿನ ಊರಾಗ ಎಲ್ಲಾರೂ ಹೊಗಳ್ಯಾರ. ಇಲ್ಲಿ ಮಂದಿಗೆ ಇದರಾಗ ಕಾಲುವಿ ಕಾಣಲಿಲ್ಲಂದ್ರ ನಾ ಮಾಡಿದ್ದು ಬರೇ ಬಣ್ಣ," ಎಂದಳು. ತಟ್ಟೆಯ ರೊಟ್ಟಿ ತಣ್ಣಗಾಯಿತು. ಚೆಲ್ಲಿದ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ನಕ್ಷೆ ಬರೆಯುತ್ತಿದ್ದ ಕಾಲದ್ದೇ ನೇರ ಗೆರೆ. ನನಗೆ ಅದನ್ನು ನೋಡುವುದೇ ಚೆಂದ.

ಸಂಜೆ ಓಣಿಯ ಹೆಂಗಸರು ಚಾಪೆ ಹಾಸಿ ಕುಳಿತರು. ನೀಲಿ ಏರಿತು, ತುಂಬಿ ಹರಿಯಿತು, ಮೆಲ್ಲಗೆ ಇಳಿಯಿತು. ಅಕ್ಕ ನನ್ನ ಸೆರಗು ಹಿಡಿದಿದ್ದಳು. ಗೋಡೆ ಬರಿದಾದಾಗ, ದಿನಾ ಕಾಲುವೆಗೆ ಬಟ್ಟೆ ಒಯ್ಯುವ ಪಕ್ಕದ ಮನೆಯಾಕೆ ಆಕಳಿಸುತ್ತ ಎದ್ದಳು.

"ನೀರು ಬಂದ್ ಮಾಡಿದ್ರು ನೋಡವ್ವ. ಇನ್ನ ಬಟ್ಟಿ ಮನ್ಯಾಗೇ ಒಗಿಬೇಕು."