ನನ್ನ ಮಣಿಕಟ್ಟಿನ ಡಿಗ್ರಿಗಳು

ಆ ಬೆಳಿಗ್ಗೆ ಹಿತ್ತಲಲ್ಲಿ ಗಾದಿಯ ಗವಸು ಒಗೆಯುತ್ತಿದ್ದೆ. ದೊಡ್ಡ ಗವಸು, ನೀರು ಕುಡಿದು ಭಾರವಾಗಿತ್ತು. ಹಗ್ಗದ ಮೇಲೆ ಹಾಕಲು ಎತ್ತಿಕೊಂಡು ಎದ್ದೆ. ಅದರ ತುದಿ ಕಾಲಿಗೆ ಸಿಕ್ಕಿತು. ಬೀಳುವಾಗ ಬಲಗೈ ಊರಿದೆ.

ಟಕ್ ಎಂದಿತು.

ಎದ್ದು ಕೂತಾಗ ಮೊದಲು ನೋವಾಗಲಿಲ್ಲ. ಕೈ ಮಾತ್ರ ನನ್ನದಲ್ಲ ಅನಿಸಿತು. ಮಣಿಕಟ್ಟು ಉಬ್ಬಿ, ಅಂಗೈ ಒಂದು ಕಡೆ ವಾಲಿತ್ತು. ನಮ್ಮವರು ಓಡಿಬಂದು ನೋಡಿದವರೇ ತಮ್ಮ ರುಮಾಲು ಬಿಚ್ಚಿ ನನ್ನ ಕೈಗೆ ಜೋಳಿಗೆ ಕಟ್ಟಿದರು. ಅವರು ತಮಾಷೆ ಬಿಟ್ಟು ಕೆಲಸಕ್ಕೆ ಇಳಿದರೆ ವಿಷಯ ದೊಡ್ಡದಿದೆ ಎಂದು ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗಿದೆ.

ನಾವು ಅಥಣಿಯ ಪಿಂಜಾರರು. ನಮ್ಮವರ ಹೆಸರು ದಸ್ತಗೀರ. ಅಂಗಡಿಯಲ್ಲಿ ಅವರು ಮಷಿನ್ನಿಗೆ ಅರಳೆ ಹಾಕಿ ಬಿಡಿಸುತ್ತಾರೆ, ಗವಸಿಗೆ ತುಂಬಿ ಹರಡುತ್ತಾರೆ. ಹೊಲಿಗೆ ನನ್ನದು. ದಬ್ಬಣವನ್ನು ಮೇಲಿನಿಂದ ಚುಚ್ಚಿ, ಕೈಯನ್ನು ಗಾದಿಯ ಕೆಳಗೆ ಹಾಕಿ, ಅಂಗೈ ಮೇಲೆ ಮಾಡಿ ಎಳೆದುಕೊಳ್ಳಬೇಕು. ಒಂದು ಗಾದಿಗೆ ಇದನ್ನು ಎಷ್ಟು ಸಲ ಮಾಡುತ್ತೇನೋ ನಾನು ಎಂದೂ ಎಣಿಸಿಲ್ಲ.

ಎಕ್ಸ್‌ರೇ ಆಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಎಲುಬು ಎಳೆದು ಕೂಡಿಸಿ ಪ್ಲಾಸ್ಟರ್ ಹಾಕಿದರು. ಆರು ವಾರ. ತಲೆ ಬಾಚುವುದು, ರೊಟ್ಟಿ ಮುರಿಯುವುದು, ಸೆರಗು ಸಿಗಿಸುವುದು ಎಲ್ಲಾ ಎಡಗೈಯಲ್ಲಿ ಕಲಿತೆ. ನಮ್ಮವರು ರೊಟ್ಟಿ ಬಡಿಯಲು ಕಲಿತರು. ಅವರ ರೊಟ್ಟಿಗೆ ಒಂದೊಂದು ದಿನ ಒಂದೊಂದು ಆಕಾರ. ತಿಂದೆವು, ನಕ್ಕೆವು.

ಪ್ಲಾಸ್ಟರ್ ಕತ್ತರಿಸಿದ ದಿನ ಎಲ್ಲಾ ಮುಗಿಯಿತು ಎಂದುಕೊಂಡಿದ್ದೆ. ಒಳಗಿಂದ ಹೊರಬಂದ ಕೈ ಸಣ್ಣಗಾಗಿ, ಚರ್ಮ ಸುಲಿದು, ಯಾರೋ ಮುದುಕಿಯ ಕೈಯಂತೆ ಇತ್ತು.

"ತಿರುಗಿಸ್ರಿ," ಎಂದರು ಡಾಕ್ಟರು.

ತಿರುಗಲಿಲ್ಲ.

"ಎಲುಬು ಚಲೋ ಕೂಡೇತಿ. ಆದ್ರ ಜಾಯಿಂಟ್ ಬಿಗದೈತಿ. ಫಿಸಿಯೋಥೆರಪಿ ಮಾಡ್ರಿ, ಎರಡ್ ತಿಂಗಳ ನೋಡೂಣು. ಆಗಲಿಲ್ಲ ಅಂದ್ರ ಅನಸ್ತೇಶಿಯಾ ಕೊಟ್ಟು ಬಿಡಸಬೇಕಾಗತೈತಿ. ಆಪರೇಷನ್ನೂ ಬೇಕಾದೀತು."

ಆ ಸಂಜೆ ನಮಾಜು ಮುಗಿಸಿ, ಎರಡೂ ಅಂಗೈ ಮೇಲೆ ಮಾಡಿ ಬೇಡುವ ದುವಾಕ್ಕೆ ಕೈ ಎತ್ತಿದೆ. ಎಡ ಅಂಗೈ ಮೇಲೆ ನೋಡುತ್ತಿತ್ತು. ಬಲ ಅಂಗೈ ಎಡಗೈಯ ಕಡೆಗೆ ತಿರುಗಿ ಅಡ್ಡ ನಿಂತಿತ್ತು. ಎಷ್ಟು ಒತ್ತಿದರೂ ಅಷ್ಟೇ. ಕೇಳುವುದು ಏನೇನೋ ಇತ್ತು, ಎಲ್ಲಾ ಮರೆತು ಆ ಕೈಯನ್ನೇ ನೋಡುತ್ತ ಕೂತೆ. ಹೊಲಿಗೆಯ ಚಿಂತೆಗಿಂತ ಅದೇ ನನ್ನನ್ನು ಹೆಚ್ಚು ಅಳಿಸಿತು.

ಫಿಸಿಯೋಥೆರಪಿ ಕೋಣೆಯಲ್ಲಿದ್ದವಳು ಅಶ್ವಿನಿ, ನಿಪ್ಪಾಣಿ ಕಡೆ ಅಕ್ಕೋಳದ ಹುಡುಗಿ. ಅರ್ಧ ಕನ್ನಡ, ಅರ್ಧ ಮರಾಠಿ; ಚಿಕ್ಕಮ್ಮನಿಗೆ ಅವಳು ಅನ್ನುವುದು ಮಾವಶಿ. ಎರಡು ಪ್ಲಾಸ್ಟಿಕ್ ಪಟ್ಟಿಗಳು, ನಡುವೆ ಅಂಕಿ ಬರೆದ ಒಂದು ಚಕ್ರ, ಇಂಥ ಒಂದು ಸಾಮಾನು ಅವಳ ಕೈಯಲ್ಲಿತ್ತು. ಅದಕ್ಕೆ ಗೋನಿಯೋಮೀಟರ್ ಅನ್ನುತ್ತಾರೆ. ಒಂದು ಪಟ್ಟಿಯನ್ನು ಮುಂಗೈಯ ಉದ್ದಕ್ಕೆ, ಇನ್ನೊಂದನ್ನು ಕಿರುಬೆರಳಿನ ಕಡೆಯ ಅಂಗೈ ಅಂಚಿಗೆ ಹಚ್ಚಿ, ಕೈ ಎಷ್ಟು ಮಣಿಯುತ್ತದೆ ಎಂದು ಅಳೆಯುವುದು. ಅವಳು ಮೊದಲು ನನ್ನ ಎಡಗೈ ಹಿಡಿದಳು.

"ಮುರದದ್ದು ಆ ಕೈ ಅಲ್ಲವ್ವಾ, ಈ ಕೈ," ಎಂದೆ.

"ಗೊತ್ತೈತ್ರಿ ಮಾವಶಿ. ನಿಮ್ಮ ಚಲೋ ಕೈ ಎಷ್ಟ ಮಣಿತೈತಿ ಅದನ್ನ ನೋಡಬೇಕಲ್ಲಾ. ನಾವು ಹೋಗಿ ಮುಟ್ಟೂದು ಅಲ್ಲಿಗೆ."

ಎಡಗೈ ಹಿಂದಕ್ಕೆ ಮಣಿದದ್ದು ಎಪ್ಪತ್ತು ಡಿಗ್ರಿ. ಬಲಗೈ ಹದಿನೈದು. ಅಂಗೈ ಮೇಲೆ ಮಾಡುವುದು ಎಡಗೈಗೆ ಎಂಬತ್ತು, ಬಲಗೈಗೆ ಇಪ್ಪತ್ತು. ಎಲ್ಲವನ್ನೂ ಕಾರ್ಡಿನಲ್ಲಿ ಬರೆದುಕೊಟ್ಟಳು. ಐವತ್ತೊಂದು ವರ್ಷ ಈ ಕೈಯಿಂದ ನೀರು ಸೇದಿದೆ, ಮಕ್ಕಳನ್ನು ತೂಗಿದೆ, ಊರ ಅರ್ಧ ಜನ ಮಲಗುವ ಗಾದಿ ಹೊಲಿದೆ. ಅದು ಇಷ್ಟು ಮಣಿಯುತ್ತದೆ, ಇಷ್ಟು ತಿರುಗುತ್ತದೆ ಎಂದು ಯಾರಾದರೂ ಅಳೆಯಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಕೈ ಕೆಟ್ಟಿದೆ ಎಂಬ ಒಂದೇ ದೊಡ್ಡ ದುಃಖ ಆ ಕಾರ್ಡಿನಲ್ಲಿ ಸಣ್ಣ ಸಣ್ಣ ಅಂಕಿಗಳಾಗಿ ಕೂತಿತ್ತು. ಹದಿನೈದು ಹದಿನಾರಾಗಬಹುದಲ್ಲ ಅನಿಸಿತು. ಧೈರ್ಯ ಬಂತು.

ಆಸೆಯೂ ಬಂತು. ಮರುವಾರ ಅಳೆಯುವಾಗ ಮೊಣಕೈಯನ್ನು ಪಕ್ಕೆಯಿಂದ ತುಸು ಸರಿಸಿ, ಭುಜ ವಾಲಿಸಿ, ಅಂಗೈ ಮೇಲೆ ಮಾಡಿ ತೋರಿಸಿದೆ. ಚೆನ್ನಾಗಿ ತಿರುಗಿದಂತೆ ಕಂಡಿತು. ಅಶ್ವಿನಿ ಪಟ್ಟಿ ಕೆಳಗಿಟ್ಟಳು.

"ಮಾವಶಿ, ಇದು ಭುಜದ ಡಿಗ್ರಿ. ಕೈದು ಬೇಕ್ರಿ."

ಪಕ್ಕದ ಕುರ್ಚಿಯಲ್ಲಿದ್ದ ಅಜ್ಜ ಜೋರಾಗಿ ನಕ್ಕರು. "ನಾನೂ ಮೊದಲ ಹಂಗ ಮಾಡಿದ್ನಿ ತಂಗಿ. ಈಕಿ ಕಣ್ಣ ತಪ್ಪಿಸಾಕ ಆಗೂದಿಲ್ಲ."

ಅವರು ಉಗಾರ ಬುದ್ರುಕದ ಕಲ್ಲಪ್ಪ ಕಾಕಾ. ಕಬ್ಬಿನ ಹೊಲದವರು. ಟ್ರಾಲಿಯ ಕೊಂಡಿಯಲ್ಲಿ ಸಿಕ್ಕು ಬಲಗೈಯ ಎರಡು ಬೆರಳು ಜಜ್ಜಿ, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಅವರ ಅಳತೆ ಬೇರೆ. ಬೆರಳು ಮಡಚಿದಾಗ ತುದಿಗೂ ಅಂಗೈಗೂ ನಡುವೆ ಎಷ್ಟು ಜಾಗ ಉಳಿಯಿತು ಎಂದು ಸ್ಕೇಲ್ ಇಟ್ಟು ನೋಡುವುದು. ಮೂರು ಸೆಂಟಿಮೀಟರ್ ಇತ್ತು. ನನ್ನದು ಏರಬೇಕು, ಅವರದು ಇಳಿಯಬೇಕು.

"ಮುಷ್ಟಿ ಬಂದ್ರ ಏನ್ ಮಾಡ್ತೀರಿ ಕಾಕಾ?" ಎಂದು ಕೇಳಿದೆ.

"ಹೊಲದಾಗಿನ ಮಣ್ಣ ಹಿಡದ ಹಿಚಕತೇನು. ಹಸಿ ಎಷ್ಟ ಐತಿ ಅಂತ ನನಗ ಕೈಯಾಗ ತಿಳಿತೈತಿ. ಈಗ ಮಗನ್ನ ಕೇಳಬೇಕಾಗೈತಿ. ಅವಂಗೇನ ತಿಳಿತೈತಿ?"

ಆಮೇಲೆ ನಮ್ಮಿಬ್ಬರದೂ ಒಂದೇ ಹೊತ್ತಿನ ಪಾಳಿ. ಮೇಣ ಕರಗಿಸಿದ ಪೆಟ್ಟಿಗೆಯಲ್ಲಿ ಕೈ ಅದ್ದಿಕೊಂಡು ಎದುರುಬದುರು ಕೂರುತ್ತಿದ್ದೆವು. ಕಾಕಾ ದ್ರಾಕ್ಷಿ ತರುತ್ತಿದ್ದರು, ನಾನು ಶೇಂಗಾ ಹೋಳಿಗೆ ಒಯ್ಯುತ್ತಿದ್ದೆ. ಬಂದ ಕೂಡಲೇ ಅವರು ಕೇಳುವುದು ಒಂದೇ: "ಇವತ್ತ ಎಷ್ಟ, ತಂಗಿ?" ಒಂದು ದಿನ ಅಶ್ವಿನಿ ಹೇಳಿದ ಅಂಕಿಯನ್ನೂ ನಂಬದೆ, ಕನ್ನಡಕ ಹಾಕಿಕೊಂಡು ಚಕ್ರದ ಅಂಕಿಯನ್ನು ತಾವೇ ಓದಿದರು. "ಹಿಂದಕ್ಕ ಮೂವತ್ತೆರಡು. ಬರೋಬರ್ ಐತಿ," ಎಂದು ತೀರ್ಪು ಕೊಟ್ಟರು.

ಹಿಂದಕ್ಕೆ ಮಣಿಯುವುದು ಮೂವತ್ತೈದಕ್ಕೆ ಬಂದು ನಿಂತಿತು.

ಒಂದು ವಾರ. ಎರಡು ವಾರ. ಮತ್ತದೇ ಮೂವತ್ತೈದು. ಡಾಕ್ಟರು ಹೇಳಿದ ಆಪರೇಷನ್ನಿನ ಮಾತು ನೆನಪಾಗುತ್ತಿತ್ತು. ಹೆದರಿಕೆಗೆ ಮನೆಯಲ್ಲಿ ಕೈಯನ್ನು ಕಲ್ಲಿಗೆ ಒತ್ತಿ ಒತ್ತಿ ಇಟ್ಟೆ. ಮರುದಿನ ಬಾತುಕೊಂಡಿತು. ಅಳೆದರೆ ಇಪ್ಪತ್ತೆಂಟು. ಅಶ್ವಿನಿ ಆ ದಿನ ಸಿಟ್ಟಾದಳು.

"ಥಾಂಬಾ ಮಾವಶಿ, ನಿಲ್ಲಸ್ರಿ. ಕೈ ಜೋಡಿ ಜಗಳ ಮಾಡಬ್ಯಾಡ್ರಿ. ಥೋಡೆ ಥೋಡೆ ಮಾಡ್ರಿ, ಆದ್ರ ದಿನಾ ಮಾಡ್ರಿ."

ಎರಡು ದಿನ ವಿಶ್ರಾಂತಿ. ಆಮೇಲೆ ಹೊಸ ವ್ಯಾಯಾಮ. ಸುತ್ತಿಗೆಯ ಹಿಡಿಕೆಯ ತುದಿ ಹಿಡಿದು, ಅದರ ಭಾರಕ್ಕೆ ಕೈ ತಾನಾಗಿ ಹೊರಗೆ ತಿರುಗುವಂತೆ ಬಿಡುವುದು. ನಾನು ಸುತ್ತಿಗೆಯ ಬದಲು ಸಾರಿನ ಸೌಟು ಹಿಡಿದೆ. ಬೇಳೆ ಬೇಯುವವರೆಗೆ ಒಲೆಯ ಮುಂದೆ ನಿಂತು ಸೌಟು ಆ ಕಡೆ ಈ ಕಡೆ. ನಮ್ಮವರು ಬಾಗಿಲಲ್ಲಿ ನಿಂತು, "ಯಾರಿಗ ಹೊಡ್ಯಾಕ ತಾಲೀಮ ನಡಸೀದಿ?" ಎಂದು ಕೇಳುತ್ತಿದ್ದರು. ಹಗಲು ಅಂಗಡಿಯಲ್ಲಿ ನನ್ನ ಪಾಲಿನ ಹೊಲಿಗೆಯನ್ನೂ ಅವರೇ ಮಾಡಿ ಬರುತ್ತಿದ್ದರು. ಬೆರಳಿಗೆ ದಬ್ಬಣ ಚುಚ್ಚಿದ ಗುರುತುಗಳಿರುತ್ತಿದ್ದವು. ನಾನು ನೋಡದಂತೆ ಮುಚ್ಚಿಕೊಳ್ಳುತ್ತಿದ್ದರು. ನೋಡಿಯೂ ನೋಡದವಳಂತೆ ಇದ್ದೆ.

ಒಂದು ಶುಕ್ರವಾರ ಮಧ್ಯಾಹ್ನ ದುವಾಕ್ಕೆ ಕೈ ಎತ್ತಿದಾಗ ಎಡಗೈಯ ಪಕ್ಕದಲ್ಲಿ ಬಲಗೈಯೂ ಇತ್ತು. ಎರಡೂ ಮೇಲೆ ನೋಡುತ್ತಿದ್ದವು. ಬಲಗೈ ತುಸು ಓರೆ, ಆದರೆ ಈಗ ನೀರು ಹೊಯ್ದರೆ ನಿಲ್ಲುತ್ತಿತ್ತು. ಆ ದಿನ ನಾನು ಏನೂ ಕೇಳಲಿಲ್ಲ. ಬಹಳ ಹೊತ್ತು ಹಾಗೇ ಕೈ ಹಿಡಿದುಕೊಂಡೆ.

ಆ ವಾರವೇ ಹಿಂದಕ್ಕೆ ಮಣಿಯುವ ಅಳತೆಯೂ ಮತ್ತೆ ಏರತೊಡಗಿತು. ನಲವತ್ತೊಂದು. ನಲವತ್ತೆಂಟು. ಐವತ್ತೆರಡು. ಕಾಕಾರದು ಇಳಿಯುತ್ತ ಇಳಿಯುತ್ತ ಒಂದು ದಿನ ಬೆರಳ ತುದಿ ಅಂಗೈಗೆ ಮುಟ್ಟಿತು. ಅಶ್ವಿನಿ ಸ್ಕೇಲ್ ತೂರಿಸಲು ನೋಡಿದಳು, ಹೋಗಲಿಲ್ಲ. ಕಾಕಾ ಮುಷ್ಟಿಯನ್ನು ಎಲ್ಲರಿಗೂ ತೋರಿಸಿದರು. ಬಾಗಿಲ ಬಳಿ ಕೂತ ಕಸಗುಡಿಸುವ ಹೆಂಗಸಿಗೂ ತೋರಿಸಿದರು. ಅವರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ.

ಮರುದಿನ ಅವರು ಬರಲಿಲ್ಲ. ಫೋನ್ ಬಂತು. "ತಂಗಿ, ಹೊಲದಾಗ ಅದೀನಿ. ಹಸಿ ಚಲೋ ಐತಿ. ಮಗ ನೀರ ಬಿಡಾಕ ನಿಂತಿದ್ದ, ಬ್ಯಾಡ ಅಂದ್ನಿ."

ಎರಡು ತಿಂಗಳು ತುಂಬಿದ ದಿನ ಡಾಕ್ಟರು ಕಾರ್ಡನ್ನು ಮೇಲಿಂದ ಕೆಳಗೆ ಓದಿದರು. ಹಿಂದಕ್ಕೆ ಐವತ್ತೆಂಟು. ಅಂಗೈ ಮೇಲೆ ಎಪ್ಪತ್ತು. "ಆಪರೇಷನ್ ಬ್ಯಾಡ್ರಿ," ಎಂದರು. "ಪೂರಾ ಎಪ್ಪತ್ತು ಎಂಬತ್ತು ಆಗತೈತಿ ಅಂತ ಮಾತ್ರ ನಾ ಹೇಳೂದಿಲ್ಲ. ಥಂಡಿಗೆ ಒಂದಿಷ್ಟ ಹಿಡಕೋತೈತಿ. ವ್ಯಾಯಾಮ ಬಿಡಬ್ಯಾಡ್ರಿ." ಬಿಟ್ಟಿಲ್ಲ. ಚಳಿಯ ಬೆಳಿಗ್ಗೆ ಕೈ ಹಿಡಿದುಕೊಳ್ಳುತ್ತದೆ. ಬಿಸಿನೀರಲ್ಲಿ ಅದ್ದಿ ಕೂರುತ್ತೇನೆ. ಹಿಂದಕ್ಕೆ ಬಾರದ ಹನ್ನೆರಡು ಡಿಗ್ರಿಗಾಗಿ ಕೊರಗುವುದಿಲ್ಲ. ಬಂದದ್ದು ನಲವತ್ಮೂರು.

ಹೋದ ವಾರ ಮದುವೆಯ ಮನೆಯವರ ಗಾದಿಯೊಂದು ಅರ್ಧ ಹೊಲಿದಾಗಿತ್ತು. ಒಂದು ಅಂಚಿನಲ್ಲಿ ನಮ್ಮವರು ಕೂತಿದ್ದರು, ಎದುರು ಅಂಚಿಗೆ ನಾನು ಹೋಗಿ ಕೂತೆ. ಬೇಡ ಅನ್ನಲಿಲ್ಲ. ದಬ್ಬಣಕ್ಕೆ ದಾರ ಪೋಣಿಸಿ ಕೊಟ್ಟರು. ಮೇಲಿಂದ ಚುಚ್ಚಿದೆ, ಕೈ ಕೆಳಗೆ ಹಾಕಿದೆ, ತಿರುಗಿಸಿದೆ, ಎಳೆದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಕೈ ಸೋತಿತು. ಮರುದಿನ ಮತ್ತೆ ನಾಲ್ಕು. ಹೀಗೆ ಮೂರು ದಿನಕ್ಕೆ ಗಾದಿ ಮುಗಿಯಿತು.

ಒಯ್ಯಲು ಬಂದವರು ಕೈಯಾಡಿಸಿ ನೋಡಿ, ಹೊಲಿಗೆ ಗಟ್ಟಿ ಇದೆ ಎಂದರು. ಒಂದು ಕಡೆಯ ಸಾಲು ಸ್ವಲ್ಪ ಸೊಟ್ಟ ಹೋಗಿದೆ ಎಂದೂ ಅಂದರು.

"ಅದು ನಮ್ಮಾಕಿ ಕೈ ಮುರದಿತ್ರಿ, ಅದಕ್ಕ," ಎಂದರು ನಮ್ಮವರು, ಮುಖ ತಿರುಗಿಸಿ.

ಸೊಟ್ಟ ಹೋದದ್ದು ನಮ್ಮವರು ಹೊಲಿದ ಸಾಲು. ನಾನು ಹೌದೆಂದು ತಲೆಯಾಡಿಸಿದೆ.