ಗಿಟಾರಿನ ಹೊಟ್ಟೆಯಲ್ಲೊಂದು ಚೀಟಿ

ಬೆಳಗಿನ ಐದೂಮುಕ್ಕಾಲು. ಹಳೆಯ ವಾದ್ಯಗಳನ್ನು ಮಾರುವ ಅಂಗಡಿಯೊಂದರ ಹಿಂದಿನ ಕೋಣೆ. ಅರವತ್ತೊಂದು ವರ್ಷದ ಹಿರಿಯರೊಬ್ಬರು ಗಿಟಾರನ್ನು ಎದೆಗೆ ಆನಿಸಿಕೊಂಡು ಅದರ ಅಂಚನ್ನು ಮೆಲ್ಲಗೆ ಕಚ್ಚಿ ಹಿಡಿದಿದ್ದಾರೆ. ಬಲಗೈ ಹೆಬ್ಬೆರಳು ದಪ್ಪ ತಂತಿಯನ್ನು ಒಮ್ಮೆ ಮೀಟುತ್ತದೆ. ನಾದ ಪೂರ್ತಿ ಅಡಗುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದು, ಆಮೇಲೆ ಕರವಸ್ತ್ರ ತೆಗೆದು ಹಲ್ಲು ತಾಗಿದ ಜಾಗವನ್ನು ಒರೆಸುತ್ತಾರೆ.

“ಗಿರಾಕಿ ಬರೋಕೆ ಮುಂಚೆ ಒರೆಸಿಬಿಡ್ಬೇಕು. ಕಚ್ಚಿದ ಮಾಲು ಅಂತ ಗೊತ್ತಾದ್ರೆ ಯಾರು ತಗೋತಾರೆ ಹೇಳಿ?” ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಇವರನ್ನು ಎಲ್ಲರೂ ಕರೆಯುವುದು ಕನ್ನಡಿಯಣ್ಣ ಎಂದು. ಹಲ್ಲಿನ ಡಾಕ್ಟರು ಬಾಯೊಳಗೆ ಹಾಕುವಂಥ ಪುಟ್ಟ ಕನ್ನಡಿ ಸದಾ ಇವರ ಜೇಬಿನಲ್ಲಿರುತ್ತದೆ. ಮಾರಾಟಕ್ಕೆ ಬಂದ ಹಳೆಯ ಗಿಟಾರಿನ ಕಿಂಡಿಯೊಳಗೆ ಅದನ್ನು ಇಳಿಸಿ, ಟಾರ್ಚು ಬಿಟ್ಟು, ಒಳಗಿನ ಮರ ನೋಡುತ್ತಾರೆ. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ದಿನಕ್ಕೆ ನಾಲ್ಕೋ ಐದೋ ಗಿಟಾರು. ಸರಿಯಿದೆ ಎನಿಸಿದರೆ ಅಂಚೆಚೀಟಿಯಷ್ಟು ಕಾಗದದ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು, ಒಂದು ಟಿಕ್ ಹಾಕಿ, ಕಿಂಡಿಯ ಒಳಗೆ ಅಂಟಿಸುತ್ತಾರೆ. ಹೆಸರಿಲ್ಲ, ಸಹಿಯಿಲ್ಲ. ಈ ಊರಿನಲ್ಲಿ ಹಳೆಯ ಗಿಟಾರು ಕೊಳ್ಳುವವರು ಬೆಲೆ ಕೇಳುವ ಮೊದಲು ಕೇಳುವುದು ಒಂದೇ ಮಾತು: ಚೀಟಿ ಇದೆಯಾ?

ಚೀಟಿ ಕತ್ತರಿಸಿಕೊಡುವವರು ಹೆಂಡತಿ. ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿನಿಂದ, ಒಂದು ಹಾಳೆಗೆ ನಲವತ್ತೆಂಟರಂತೆ. ಈ ವರ್ಷ ಮೊದಲ ಹಾಳೆಯೇ ಮುಗಿದಿಲ್ಲ.

ಕಾರಣ ಕಿವಿ. ಗಿಟಾರಿನ ಕೆಲಸದ ಜೊತೆಗೇ ಹದಿನೈದು ವರ್ಷ ಇದೇ ಇಕ್ಕಟ್ಟಾದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಆಳೆತ್ತರದ ಸ್ಪೀಕರುಗಳನ್ನು ರಿಪೇರಿ ಮಾಡಿದವರು ಇವರು. ಎಡಗಿವಿ ಹೋಗಿ ಎರಡು ವರ್ಷವಾಯಿತು. ಬಲಗಿವಿಗೆ ದಪ್ಪ ಸದ್ದು ಸಿಗುತ್ತದೆ, ಸಣ್ಣದು ಸಿಗುವುದಿಲ್ಲ. ಕಿವಿಯ ಮಿಷನ್ ತಂದುಕೊಂಡದ್ದೂ ಆಯಿತು. “ಅದರಲ್ಲಿ ಎಲ್ಲಾ ಗಿಟಾರೂ ತಗಡು ಬಡಿದಂಗೆ ಕೇಳುತ್ತೆ. ಒಳ್ಳೇದು ಯಾವ್ದು ಕೆಟ್ಟದ್ದು ಯಾವ್ದು ಅಂತ ಹೆಂಗೆ ಹೇಳ್ಲಿ?” ಮಿಷನ್ ಈಗ ಮೇಜಿನ ಖಾನೆಯಲ್ಲಿ, ಹಳೆಯ ಸ್ಕ್ರೂಗಳ ಜೊತೆ ಮಲಗಿದೆ. ಹಲ್ಲಿನ ಉಪಾಯ ಅವರೇ ಕಂಡುಕೊಂಡದ್ದು. ಮರದ ನಡುಕ ಹಲ್ಲಿಗೆ ಹತ್ತಿ, ದವಡೆ ಹಿಡಿದು, ತಲೆಗೆ ಏರುತ್ತದೆ. ಒಳಗೆ ಅಂಟು ಬಿಟ್ಟಿದ್ದರೆ ಆ ನಡುಕ ನಡುವೆಯೇ ಮುಗ್ಗರಿಸುತ್ತದಂತೆ.

“ನಾನು ಕೂಗಿದ್ರೆ ಇವ್ರಿಗೆ ಕೇಳಲ್ಲ, ಗಿಟಾರು ಬಿರುಕು ಬಿಟ್ರೆ ಮೂರು ಬೀದಿ ಆಚೆಯಿಂದ ಕೇಳುತ್ತೆ ಅಂತ ಆಡ್ಕೋತಿದ್ದೆ. ಈಗ ಆ ಮಾತು ಬಿಟ್ಟಿದ್ದೀನಿ,” ಎನ್ನುತ್ತಾರೆ ಮನೆಯಿಂದ ಟೀ ತಂದ ಹೆಂಡತಿ, ಲೋಟ ಕೆಳಗಿಡುತ್ತಾ.

ಹೋದ ವರ್ಷ ನಿವೃತ್ತ ಪೋಸ್ಟ್‌ಮನ್ನರೊಬ್ಬರು ಮೊಮ್ಮಗಳಿಗೆಂದು ಒಂದು ಗಿಟಾರು ಕೊಂಡರು. ಇವರೇ ಚೀಟಿ ಅಂಟಿಸಿ ಕೊಟ್ಟದ್ದು. ವಾರದೊಳಗೆ ವಾಪಸು ತಂದರು. ಮಗು ಸಣ್ಣ ತಂತಿ ಮುಟ್ಟಿದಾಗಲೆಲ್ಲ ಒಳಗೆ ನೊಣ ಸಿಕ್ಕಿಹಾಕಿಕೊಂಡಂತೆ ಸದ್ದು. ಇವರು ಅದನ್ನು ನಾಲ್ಕು ಸಲ ನುಡಿಸಿ ನೋಡಿದರು. ಪೋಸ್ಟ್‌ಮನ್ನರ ಮುಖವನ್ನೂ ನೋಡಿದರು. ನೊಣ ಕೇಳಿಸಲೇ ಇಲ್ಲ. “ಆ ಮನುಷ್ಯ ಯಾರಿಗೂ ಹೇಳ್ಲಿಲ್ಲ ನೋಡಿ. ಬೈದಿದ್ರೆ ಅರ್ಧ ನೋವು ಕಮ್ಮಿ ಆಗ್ತಿತ್ತು.” ಆವತ್ತಿನಿಂದ ಈವತ್ತಿನವರೆಗೆ ಅಂಟಿಸಿರುವ ಚೀಟಿ ಹನ್ನೊಂದು. ಅಂಗಡಿಯ ಮಾಲೀಕನಿಗೆ ಇದಾವುದೂ ಗೊತ್ತಿಲ್ಲ.

ಏಳು ಗಂಟೆಗೆ ಈವತ್ತಿನ ಗಿರಾಕಿ ಬರುತ್ತಾರೆ. ಹೋಟೆಲೊಂದರ ಊಟದ ಹಾಲಿನಲ್ಲಿ ವಾರಕ್ಕೆ ನಾಲ್ಕು ಸಂಜೆ ಗಿಟಾರು ನುಡಿಸುವ ಹೆಂಗಸು. ಹೋದ ತಿಂಗಳು ಸ್ಕೂಟರಿನಿಂದ ಬಿದ್ದು ಗಿಟಾರು ಕುತ್ತಿಗೆ ಮುರಿದುಕೊಂಡಿತು. ಶನಿವಾರದೊಳಗೆ ವಾದ್ಯ ತರದಿದ್ದರೆ ಗೋಡೆಗೆ ಸ್ಪೀಕರು ಹಾಕಿ ರೆಕಾರ್ಡು ಬಿಡುತ್ತೇವೆ ಎಂದಿದ್ದಾನೆ ಮ್ಯಾನೇಜರು. ಈವತ್ತು ಗುರುವಾರ. ಅವರ ಕೈಯಲ್ಲಿರುವುದು ಒಂದೂವರೆ ತಿಂಗಳ ಸಂಪಾದನೆ, ಅದರ ಮೇಲೆ ಹುಟ್ಟುವುದಿಲ್ಲ.

ಅವರಿಗೆ ಬೇಕಾದದ್ದು ಅರ್ಧ ಪೊಳ್ಳಿನ ಎಲೆಕ್ಟ್ರಿಕ್ ಗಿಟಾರು. ಎರಡು ಪಕ್ಕ ಟೊಳ್ಳು, ನಟ್ಟನಡುವೆ ಉದ್ದಕ್ಕೂ ಒಂದು ಗಟ್ಟಿ ಮರದ ದಿಮ್ಮಿ. “ಪೂರ್ತಿ ಗಟ್ಟಿ ಇದ್ರೆ ಊಟ ಮಾಡೋರ ಕಿವಿಗೆ ಮೊಳೆ ಹೊಡೆದಂಗೆ. ಪೂರ್ತಿ ಪೊಳ್ಳಾದ್ರೆ ಸ್ಪೀಕರ್ ಪಕ್ಕ ಕೂತ ತಕ್ಷಣ ಕಿರುಚುತ್ತೆ. ಈಯಮ್ಮನ ಕೆಲಸಕ್ಕೆ ಇದೇ ಸರಿ,” ಎಂದು ಕನ್ನಡಿಯಣ್ಣ ವಿವರಿಸುತ್ತಾರೆ. ಹಳೆ ಕಂಬಳಿ ಹಾಸಿದ ಮೇಜಿನ ಮೇಲೆ ಅಂಥವು ಮೂರಿವೆ: ಒಂದು ಕೆಂಪು, ಒಂದು ಕಪ್ಪು, ಒಂದು ಕಂದು.

ಕೆಂಪು ಫಳಫಳ ಹೊಳೆಯುತ್ತದೆ. ಹೆಂಗಸಿನ ಕೈ ತಾನಾಗಿಯೇ ಅದರತ್ತ ಹೋಗುತ್ತದೆ.

“ಬಣ್ಣಕ್ಕೆ ದುಡ್ಡು ಕೊಡ್ಬೇಡಿ ತಾಯಿ. ಕುತ್ತಿಗೆಗೆ ಕೊಡಿ.” ಬಡಗಿ ಹಲಗೆ ನೋಡುವಂತೆ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತೋರಿಸುತ್ತಾರೆ. ಕುತ್ತಿಗೆ ಹಗ್ಗದಂತೆ ತಿರುಚಿಕೊಂಡಿದೆ. ಒಳಗಿನ ಕಬ್ಬಿಣದ ಸರಳು ತಿರುಗಿಸಿದರೆ ಬಾಗು ತೆಗೆಯಬಹುದು, ತಿರುಚು ತೆಗೆಯಲಾಗದು. ಕಪ್ಪು ಗಿಟಾರಿನ ಕುತ್ತಿಗೆ ನೆಟ್ಟಗಿದೆ, ಆದರೆ ಗುಂಡಿ ತಿರುಗಿಸಿದರೆ ಸ್ಪೀಕರಿನಲ್ಲಿ ಕರಕರ. “ವೈರು ಹೋಗಿದೆ. ಇದಕ್ಕೆ ಬೆನ್ನ ಹಿಂದೆ ಮುಚ್ಚಳ ಇರಲ್ಲ, ಎಲ್ಲಾನೂ ದಾರ ಕಟ್ಟಿ ಈ ಕಿಂಡಿಯಿಂದ್ಲೇ ಎಳೀಬೇಕು. ಹೊಟ್ಟೆ ಕೊಯ್ಯದೆ ಕರುಳು ತೆಗೆದಂಗೆ. ಮೂರು ದಿನದ ಕೆಲಸ. ಕೂಲಿ ಸೇರಿಸಿದ್ರೆ ಅಗ್ಗದ್ದು ಅಗ್ಗ ಅಲ್ಲ.”

ಉಳಿದದ್ದು ಕಂದು. ಬಣ್ಣ ಸವೆದಿದೆ, ಮೂಲೆಯಲ್ಲಿ ಪೆಟ್ಟು. ಕುತ್ತಿಗೆ ಚೆನ್ನಾಗಿದೆ. ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳು ಅರ್ಧದಷ್ಟು ಸವೆದಿವೆ, ಇನ್ನೂ ಐದಾರು ವರ್ಷ ಬಾಳುತ್ತವೆ. ತಲೆಯ ಬುಡದಲ್ಲಿ ಬಿರುಕಿಲ್ಲ. ಕಚ್ಚಿ ನೋಡಿದ್ದಾಗಿದೆ, ದಿಮ್ಮಿ ಗಟ್ಟಿ. ಕನ್ನಡಿ ಒಳಗಿಳಿಸಿದವರು ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿಯುತ್ತಾರೆ. ಆಮೇಲೆ ಹೆಂಗಸನ್ನು ಹತ್ತಿರ ಕರೆದು ತೋರಿಸುತ್ತಾರೆ. ಒಳಗೆ ಹಳದಿಗಟ್ಟಿದ ಚೀಟಿ, ಪೆನ್ಸಿಲಿನ ಟಿಕ್ಕು. ಹತ್ತೊಂಬತ್ತು ವರ್ಷದ ಹಿಂದಿನ ತಾರೀಕು.

“ನನ್ನದೇ,” ಎನ್ನುತ್ತಾರೆ.

ಅಷ್ಟರಲ್ಲಿ ಮಾಲೀಕ ಬಾಗಿಲಲ್ಲಿ ನಿಂತಿದ್ದಾನೆ. ಇವರ ಕಣ್ಣೆದುರೇ ಬೆಳೆದ ಹುಡುಗ, ಅಪ್ಪ ತೀರಿದ ಮೇಲೆ ಗಲ್ಲಾಪೆಟ್ಟಿಗೆಗೆ ಕೂತವನು. “ಹಾಗಾದ್ರೆ ಇನ್ನೇನು ಮಾಮ? ನಿಮ್ದೇ ಚೀಟಿ ಇದೆ. ಬಿಲ್ಲು ಮಾಡ್ಲಾ?”

ಕನ್ನಡಿಯಣ್ಣ ಗಿಟಾರನ್ನು ಕೈಗೆತ್ತಿಕೊಳ್ಳುತ್ತಾರೆ. ಚೀಟಿ ತಮ್ಮದು, ಆದರೆ ಆಗಿನ ಕಿವಿ ಈಗಿನದಲ್ಲ. ಸಣ್ಣ ತಂತಿಯನ್ನು ಎರಡು ಸಲ ಮೀಟುತ್ತಾರೆ. ಆಮೇಲೆ ಗಿಟಾರನ್ನು ಹೆಂಗಸಿನ ಕೈಗೆ ಕೊಡುತ್ತಾರೆ.

“ನೀವೇ ನುಡಿಸಿ ತಾಯಿ. ಸಣ್ಣ ತಂತಿ, ಮೇಲಿನ ಸ್ವರ. ಏನಾದ್ರೂ ಗುಂಯ್ ಅಂತಿದ್ಯಾ ಹೇಳಿ. ನನಗೆ ಅದು ಕೇಳಿಸಲ್ಲ.”

“ಕೇಳಿಸಲ್ಲ ಅಂದ್ರೆ?” ಮಾಲೀಕ ಒಳಗೆ ಬರುತ್ತಾನೆ.

“ಕೇಳಿಸಲ್ಲ ಅಂದ್ರೆ ಕೇಳಿಸಲ್ಲ ಕಣಪ್ಪ. ಎರಡು ವರ್ಷ ಆಯ್ತು.”

ಹೆಂಗಸು ತಲೆ ತಗ್ಗಿಸಿ ನುಡಿಸುತ್ತಾರೆ. ನುಡಿಸಿ ಕಷ್ಟದಿಂದ ಹೇಳುತ್ತಾರೆ, “ಇದೆ ಅಣ್ಣಾ. ಸಣ್ಣದಾಗಿ ಏನೋ ಪಟಪಟ ಅಂತಿದೆ.”

ಕನ್ನಡಿಯಣ್ಣ ಮಂಡಿಯೂರಿ ಗಿಟಾರಿನ ಒಂದೊಂದೇ ಭಾಗವನ್ನು ಬೆರಳಿಂದ ಅದುಮುತ್ತಾ ಹೋಗುತ್ತಾರೆ. ಹೆಂಗಸು ಮೀಟುತ್ತಲೇ ಇದ್ದಾರೆ. ತಂತಿ ಕೂರುವ ಸೇತುವೆ. “ಇದೆ.” ಪ್ಲಾಸ್ಟಿಕ್ ಹಲಗೆ. “ಇದೆ.” ಗುಂಡಿಗಳು, ತಲೆಯ ಬಿರಡೆಗಳು, ಒಂದೊಂದು ಸ್ಕ್ರೂ. “ಇದೆ ಅಣ್ಣಾ, ಇನ್ನೂ ಇದೆ.” ಕೊನೆಗೆ ತುದಿ ಬಗ್ಗಿಸಿದ ಕಡ್ಡಿಯೊಂದನ್ನು ಕಿಂಡಿಯೊಳಗೆ ಇಳಿಸಿ ಏನನ್ನೋ ಒತ್ತುತ್ತಾರೆ.

“ಹೋಯ್ತು!”

ಒತ್ತಿದ್ದು ಚೀಟಿಯನ್ನು. ಒಂದು ಅಂಚಿನ ಅಂಟು ಒಣಗಿ, ಕಾಗದ ಮೇಲೆದ್ದು, ಮರ ನಡುಗಿದಾಗಲೆಲ್ಲ ಪಟಪಟ ಬಡಿದುಕೊಳ್ಳುತ್ತಿದೆ. ಬೇರೆ ಯಾವ ಕೊರತೆಯೂ ಆ ಗಿಟಾರಿಗಿಲ್ಲ. ಅವರು ಚಿಮಟ ಹಾಕಿ ಚೀಟಿಯನ್ನು ಹೊರಗೆಳೆದು ಅಂಗೈಯಲ್ಲಿಟ್ಟುಕೊಳ್ಳುತ್ತಾರೆ. ಊದಿದರೆ ಹಾರಿಹೋಗುವಷ್ಟು ಹಗುರ.

“ಹೊಸದು ಅಂಟಿಸಿಕೊಡಿ ಅಣ್ಣಾ,” ಎನ್ನುತ್ತಾರೆ ಹೆಂಗಸು.

“ಬೇಡ ತಾಯಿ. ನೀವು ಕೇಳಿ ನೋಡಿದ್ದೀರಲ್ಲ, ಅದೇ ಸಾಕು. ಬೆಲೆ ಸ್ವಲ್ಪ ಇಳಿಸ್ತಾನೆ ಇವನು. ಉಳಿದದ್ರಲ್ಲಿ ಹೊಸ ತಂತಿ ಹಾಕಿಸಿ, ಒಂದು ಗಟ್ಟಿ ಪೆಟ್ಟಿಗೆ ತಗೊಳ್ಳಿ. ಸ್ಕೂಟರ್ ಮೇಲೆ ಬರೀ ಚೀಲದಲ್ಲಿ ಒಯ್ಬೇಡಿ.”

ಮಾಲೀಕ ಬೆಲೆ ಇಳಿಸುತ್ತಾನೆ. ಹೆಂಗಸು ಹಳೆಯ ಚೀಟಿಯನ್ನು ಕೇಳಿ ಪಡೆದು, ಪರ್ಸಿನಲ್ಲಿ ಮಗಳ ಫೋಟೋದ ಹಿಂದೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಆಕೆ ಬೀದಿ ತಿರುಗಿದ ಮೇಲೆ ಮಾಲೀಕ ಬಂದು ಕಂಬಳಿಯ ಅಂಚು ಸರಿಮಾಡುತ್ತಾ ನಿಲ್ಲುತ್ತಾನೆ. ದನಿ ಎತ್ತರಿಸಿಯೇ ಹೇಳುತ್ತಾನೆ, ಈಗ ಗೊತ್ತಾಗಿದೆಯಲ್ಲ. “ಮಾಮ, ಬರೋ ತಿಂಗಳಿಂದ ತಂತಿ ಬದಲಾಯಿಸೋದು, ಪಾಲಿಶು, ಅಷ್ಟು ನೋಡ್ಕೊಳ್ಳಿ. ಪರೀಕ್ಷೆಗೆ ಬೇರೆಯವರನ್ನ ನೋಡ್ತೀನಿ. ನೀವು ಇರಿ. ಹೋಗಿ ಅಂತಿಲ್ಲ.”

“ಆಯ್ತಪ್ಪ,” ಎನ್ನುತ್ತಾರೆ ಕನ್ನಡಿಯಣ್ಣ. ಪಾಲಿಶು ಮಾಡುವವರಿಗೆ ಸಂಬಳ ಅರ್ಧ ಎಂದು ಆಮೇಲೆ ಹೇಳಿದವರು ಹೆಂಡತಿ. ಇವರು ಅದರ ಸುದ್ದಿ ಎತ್ತಲಿಲ್ಲ.

ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತಲ್ಲವೇ ಎಂದು ಕೇಳಿದರೆ ಕನ್ನಡಿಯನ್ನು ಒರೆಸಿ ಜೇಬಿಗಿಳಿಸುತ್ತಾರೆ. “ಆಯಮ್ಮ ಶನಿವಾರ ಅಷ್ಟು ಜನರ ಮುಂದೆ ನುಡಿಸ್ಬೇಕಾದ್ರೆ ಪಟಪಟ ಅಂದಿದ್ರೆ? ಪೋಸ್ಟ್‌ಮನ್ನರ ಮುಖ ಒಂದು ಸಲ ನೋಡಿದ್ದು ಸಾಕು.”

ಆಸೆ ಏನಾದರೂ ಇದೆಯೇ? ಹೊರಗೆ ಬೀದಿ ಎದ್ದಿದೆ, ಬಸ್ಸುಗಳ ಗದ್ದಲಕ್ಕೆ ಕಿಟಕಿಯ ಗಾಜು ನಡುಗುತ್ತದೆ. ಅವರು ಮೇಜಿನ ಮೇಲೆ ಅಂಗೈ ಚಾಚಿ ಇಟ್ಟುಕೊಳ್ಳುತ್ತಾರೆ.

“ಒಂದು ಸಂಜೆ ಮನೆಯವಳನ್ನ ಕರ್ಕೊಂಡು ಆ ಹೋಟೆಲಿಗೆ ಹೋಗ್ಬೇಕು. ಸ್ಪೀಕರ್ ಹತ್ರದ ಮೇಜೇ ಕೇಳ್ತೀನಿ. ಅವಳು ಕೇಳಲಿ. ನಾನು ಹಿಂಗೆ ಮೇಜಿನ ಮೇಲೆ ಕೈ ಇಟ್ಕೊಂಡು ಕೂತಿರ್ತೀನಿ.”